ಟೈಮಿಂಗ್ ಬೆಲ್ಟ್ ಕವರ್ ಒಳಗೆ ಸಿಕ್ಕ ಚೂರು ಯಾವುದರದ್ದು? ಪಿಕಪ್ ಎಂಜಿನ್‌ಗೆ ಸಮಗ್ರ ಪತ್ತೆ ಮಾರ್ಗದರ್ಶಿ

ಕ್ರ್ಯಾಂಕ್ ಶಾಫ್ಟಿನ ತಿರುಗಾಟಕ್ಕೆ ತಕ್ಕಂತೆ, ವಾಲ್ವ್ ತೆರೆದು ಮುಚ್ಚುವ ಕ್ಯಾಮ್ ಶಾಫ್ಟನ್ನು ತಿರುಗಿಸುವ ಹಲ್ಲಿನ ರಬ್ಬರ್ ಪಟ್ಟಿಯೇ ಟೈಮಿಂಗ್ ಬೆಲ್ಟ್. ಅದನ್ನು ಬದಲಿಸಲು ಕವರ್ ತೆಗೆದಾಗ ಕೆಳಗಿನ ಮೂಲೆಯಲ್ಲಿ ಏನಾದರೊಂದು ಬಿದ್ದಿರುತ್ತದೆ. ಕಪ್ಪು ಪುಡಿ, ಕೆಂಪು ಧೂಳು, ಮುರಿದ ಪ್ಲಾಸ್ಟಿಕ್, ಹೆಸರು ಹಚ್ಚಲಾಗದ ಲೋಹದ ತುಣುಕು. ಹೆಚ್ಚಿನ ಗ್ಯಾರೇಜುಗಳಲ್ಲಿ ಆಗ ಮೊದಲು ಕೈಗೆ ಬರುವುದು ಕಂಪ್ರೆಸರ್ ಪೈಪು. ಏರ್ ಹೊಡೆದರೆ ಹತ್ತು ಸೆಕೆಂಡಿನಲ್ಲಿ ಜಾಗ ಚೊಕ್ಕಟವಾಗುತ್ತದೆ, ಚೂರು ಎಲ್ಲಿಂದ ಬಂತು ಎಂಬ ಸಾಕ್ಷಿಯೂ ಅದರ ಜೊತೆಗೇ ಹಾರಿಹೋಗುತ್ತದೆ. ಆಮೇಲೆ ಹೊಸ ಬೆಲ್ಟ್ ಹಾಕಿ ಮುಚ್ಚಿದರೆ, ಹಳೆಯದನ್ನು ತಿಂದ ಕಾಯಿಲೆ ಹೊಸದನ್ನೂ ತಿನ್ನುತ್ತದೆ. ಆದ್ದರಿಂದ ಈ ಕೆಲಸಕ್ಕೆ ಒಂದೇ ಕಟ್ಟುಪಾಡು: ಪ್ರತಿ ಚೂರಿಗೂ ಅದು ಕಳಚಿ ಬಂದ ಜಾಗ ಸಿಗುವ ತನಕ ಕವರ್ ಮುಚ್ಚುವ ಹಾಗಿಲ್ಲ.

ಉದಾಹರಣೆಗೆ ಇಟ್ಟುಕೊಂಡಿರುವುದು ಟೊಯೊಟಾದ 3.4 ಲೀಟರ್ ವಿ6 ಪೆಟ್ರೋಲ್ ಎಂಜಿನ್, 5ವಿಝಡ್-ಎಫ್‌ಇ. ಅಮೆರಿಕದಲ್ಲಿ 1995ರಿಂದ 2004ರವರೆಗಿನ ಟಕೋಮಾ ಪಿಕಪ್, 1996ರಿಂದ 2002ರವರೆಗಿನ 4ರನ್ನರ್, 2000ರಿಂದ 2004ರವರೆಗಿನ ಟುಂಡ್ರಾ, ಇವುಗಳ ವಿ6 ಮಾದರಿಗಳಲ್ಲಿ ಇದೇ ಎಂಜಿನ್. ಅಲ್ಲಿ ನೆಲೆಸಿರುವ ನಮ್ಮವರಲ್ಲೂ ಇದನ್ನು ಇಪ್ಪತ್ತು ವರ್ಷದಿಂದ ಓಡಿಸುತ್ತಿರುವವರು ಇದ್ದಾರೆ. ಬೆಲ್ಟ್ ಬದಲಿಸುವ ಅವಧಿ 90,000 ಮೈಲಿ, ಅಂದರೆ ಸುಮಾರು 1,45,000 ಕಿಲೋಮೀಟರ್. ಊರಿನ ಇನ್ನೋವಾ ಓಡಿಸುವವರಿಗೆ ಬೇಕಾದ ವ್ಯತ್ಯಾಸಗಳನ್ನು ಕೊನೆಯ ಭಾಗದಲ್ಲಿ ಹೇಳಿದೆ. ಪತ್ತೆಯ ವಿಧಾನ ಎರಡಕ್ಕೂ ಒಂದೇ.

ಒಳಗೆ ಏನಿದೆ, ಏನಿರಬಾರದು

5ವಿಝಡ್‌ನ ಮುಂಭಾಗದಲ್ಲಿ ಕೆಳಗೆ ಕ್ರ್ಯಾಂಕ್ ಪುಲ್ಲಿ, ಮೇಲೆ ಎರಡು ಕ್ಯಾಮ್ ಪುಲ್ಲಿ, ನಡುವೆ ವಾಟರ್ ಪಂಪ್, ಎರಡು ಐಡ್ಲರ್ (ಬೆಲ್ಟಿಗೆ ದಾರಿ ಕೊಡುತ್ತ ಸುಮ್ಮನೆ ತಿರುಗುವ ರಾಟೆಗಳು), ಒಂದು ಹೈಡ್ರಾಲಿಕ್ ಟೆನ್ಷನರ್ (ಬೆಲ್ಟನ್ನು ಬಿಗಿಯಾಗಿ ಇಡುವ ಭಾಗ). ಇವೆಲ್ಲವನ್ನೂ ಸುತ್ತಿಕೊಂಡು ಒಂದೇ ಉದ್ದನೆಯ ಬೆಲ್ಟ್. ಪ್ರತಿ ಬ್ಯಾಂಕಿನಲ್ಲಿ (ಸಿಲಿಂಡರ್ ಸಾಲಿನಲ್ಲಿ) ಒಂದು ಕ್ಯಾಮ್ ಮಾತ್ರ ಬೆಲ್ಟಿನಿಂದ ತಿರುಗುತ್ತದೆ, ಇನ್ನೊಂದನ್ನು ಒಳಗಿನ ಗೇರ್ ತಿರುಗಿಸುತ್ತದೆ. ಹಾಗಾಗಿ ಇಲ್ಲಿಗೆ ಎಂಜಿನ್ ಆಯಿಲ್ ಬರುವ ಮುಖ್ಯ ದಾರಿ ಮೂರು: ಎರಡು ಕ್ಯಾಮ್ ಸೀಲ್, ಒಂದು ಕ್ರ್ಯಾಂಕ್ ಸೀಲ್ (ಸೀಲ್ ಎಂದರೆ ಶಾಫ್ಟಿನ ಸುತ್ತ ಆಯಿಲ್ ತಡೆಯುವ ರಬ್ಬರ್ ಉಂಗುರ). ಕೂಲಂಟ್ ಬಂದರೆ ಮೊದಲ ಅನುಮಾನ ವಾಟರ್ ಪಂಪಿನ ಮೇಲೆ.

ಇದು ಒಣ ಕೋಣೆ ಎಂಬುದನ್ನು ಮರೆಯಬೇಡಿ. ಆಯಿಲ್ ಓಡಾಡುವ ಎಂಜಿನ್ನಿನ ಒಳಭಾಗಕ್ಕೂ ಇದಕ್ಕೂ ನಡುವೆ ಸೀಲ್‌ಗಳಿವೆ. ಬೆಲ್ಟ್ ಕವರಿನಲ್ಲಿ ಲೋಹದ ಪುಡಿ ಸಿಕ್ಕ ಕೂಡಲೇ ಎಂಜಿನ್ ಬೇರಿಂಗ್ ಹೋಯಿತು, ಬೋರ್ ಮಾಡಿಸಬೇಕು ಎಂದು ಹೆದರಿಸುವವರಿದ್ದಾರೆ. ಅಲ್ಲಿನ ಲೋಹ ಆ ಕೋಣೆಯದೇ ಆಗಿರುತ್ತದೆ, ಇಲ್ಲವೇ ಹೊರಗಿನಿಂದ ಬಂದಿರುತ್ತದೆ. ಎಂಜಿನ್ನಿನ ಒಳಗಿನ ಸವೆತ ತಿಳಿಯಬೇಕಾದರೆ ಆಯಿಲ್ ಫಿಲ್ಟರ್ ಕತ್ತರಿಸಿ ಅದರ ಕಾಗದದ ಮಡಿಕೆ ಬಿಡಿಸಿ ನೋಡಬೇಕು.

ಒಂದು ಅವಧಿ ಪೂರ್ತಿ ಓಡಿದ ಬೆಲ್ಟು ಸ್ವಲ್ಪ ಕಪ್ಪು ಧೂಳು ಬಿಟ್ಟಿರುತ್ತದೆ. ಬೆರಳಿನಿಂದ ಎಳೆದರೆ ಗೆರೆ ಮೂಡುವಷ್ಟು, ಹಿಟ್ಟಿನಷ್ಟು ನುಣ್ಣಗೆ, ಎಲ್ಲ ಕಡೆ ಒಂದೇ ಸಮನಾಗಿದ್ದರೆ ಚಿಂತೆ ಬೇಡ. ಕಾಳುಕಾಳಾಗಿದ್ದರೆ, ಒಂದೇ ಪುಲ್ಲಿಯ ಸುತ್ತ ದಟ್ಟವಾಗಿದ್ದರೆ, ಚಮಚದಲ್ಲಿ ಎತ್ತುವಷ್ಟಿದ್ದರೆ, ಎಣ್ಣೆ ಸೇರಿ ಅಂಟಾಗಿದ್ದರೆ ಕಾರಣ ಹುಡುಕಲೇಬೇಕು.

ಬಿಚ್ಚುವಾಗಲೇ ಶುರುವಾಗುವ ಪತ್ತೆ

ಬೇಕಾದ ಸಾಮಾನು ದುಬಾರಿಯಲ್ಲ: ಬಿಳಿ ಎ4 ಹಾಳೆ, ಹತ್ತಾರು ಜಿಪ್ ಕವರ್, ಮಾರ್ಕರ್ ಪೆನ್, ಸೆಲೋಟೇಪ್, ಟಾರ್ಚ್, ಭೂತಗನ್ನಡಿ, ಚಿಮಟ, ತೆಳು ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಬಲವಾದ ಅಯಸ್ಕಾಂತ, ಫೋನಿನ ಕ್ಯಾಮೆರಾ. ಅಯಸ್ಕಾಂತಕ್ಕೆ ಪ್ಲಾಸ್ಟಿಕ್ ಸುತ್ತದಿದ್ದರೆ ಅಂಟಿದ ಪುಡಿಯನ್ನು ಬಿಡಿಸಲು ಆಗುವುದಿಲ್ಲ.

ಎಂಜಿನ್ ಪೂರ್ತಿ ತಣ್ಣಗಾಗಿರಲಿ. ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿ, ರೇಡಿಯೇಟರ್ ಖಾಲಿ ಮಾಡಿ, ಫ್ಯಾನ್ ಶ್ರೌಡ್, ಫ್ಯಾನ್, ಹೊರಗಿನ ಮೂರು ಬೆಲ್ಟ್‌ಗಳನ್ನು ತೆಗೆಯಿರಿ. ಕವರ್ ಮುಟ್ಟುವ ಮುಂಚೆ ಹೊರಗಿನ ಕೊಳೆಯನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಿರಿ. ಇಲ್ಲದಿದ್ದರೆ ಹೊರಗಿನ ಮಣ್ಣು ಒಳಗೆ ಉದುರಿ ಒಳಗಿನದೇ ಎಂದು ಮೋಸ ಮಾಡುತ್ತದೆ. ಬ್ರಷ್ಷಿನಿಂದ ಉಜ್ಜಬೇಡಿ, ನೀರಿನ ಪ್ರೆಷರ್ ಕೊಡಬೇಡಿ.

ಮೇಲಿನ ಕವರ್ ಬೋಲ್ಟ್ ಬಿಚ್ಚಿದ ಮೇಲೆ ಅದನ್ನು ಒಂದೇ ಸಲ ಎಳೆಯದೆ ಒಂದು ಅಂಗುಲ ಮುಂದಕ್ಕೆ ತಂದು, ಆ ಸಂದಿಯಲ್ಲಿ ಎ4 ಹಾಳೆ ಇಳಿಬಿಟ್ಟು ಆಮೇಲೆ ಹೊರಗೆ ತೆಗೆಯಿರಿ. ಕವರಿನ ಸುತ್ತಲಿನ ರಬ್ಬರ್ ಪಟ್ಟಿ ಹಳತಾಗಿ ಗಟ್ಟಿಯಾಗಿರುತ್ತದೆ, ಎಳೆಯುವಾಗಲೇ ಚೂರಾಗಿ ಬೀಳುತ್ತದೆ. ನಿಗೂಢ ಎನ್ನಿಸುವ ಚೂರುಗಳಲ್ಲಿ ಬಹುಪಾಲು ಇದೇ. ಹಾಳೆಯ ಮೇಲೆ ಬಿದ್ದದ್ದು ಈಗಷ್ಟೇ ಮುರಿದದ್ದು, ಹಾಳೆಯ ಹಿಂದೆ ಇರುವುದು ಮೊದಲೇ ಇದ್ದದ್ದು.

ಈಗ ಏನನ್ನೂ ಮುಟ್ಟದೆ ಫೋಟೋ ತೆಗೆಯಿರಿ. ಇಡೀ ಮುಂಭಾಗದ್ದು ಒಂದು, ಪ್ರತಿ ಪುಲ್ಲಿಯದು ಒಂದೊಂದು, ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದು ಮತ್ತೊಂದು ಸುತ್ತು. ಓರೆ ಬೆಳಕಿನಲ್ಲಿ ಗ್ರೀಸ್ ಚಿಮ್ಮಿದ ಗೆರೆಗಳು, ಧೂಳಿನ ದಿಬ್ಬಗಳು ಎದ್ದು ಕಾಣುತ್ತವೆ. ತಿರುಗುವ ಪುಲ್ಲಿಯಿಂದ ಚಿಮ್ಮಿದ ವಸ್ತು ಹಿಂದಿನ ಗೋಡೆಯಲ್ಲೂ ಕವರಿನ ಒಳಮೈಯಲ್ಲೂ ಕಿರಣಗಳಂತೆ ಹರಡಿರುತ್ತದೆ. ಆ ಕಿರಣಗಳ ಕೇಂದ್ರ ಎಲ್ಲಿದೆಯೋ ಅಲ್ಲಿ ಮೂಲ.

ಕ್ರ್ಯಾಂಕ್ ಬೋಲ್ಟ್ ಬಿಡಿಸಲು ಪಾನಾ ಸಿಕ್ಕಿಸಿ ಸ್ಟಾರ್ಟರ್ ಕೊಡುವ ರೂಢಿ ಉಂಟು. ಮೊದಲೇ ಅದು ಅಪಾಯದ ಕೆಲಸ. ಒಳಗೆ ಚೂರು ಕಂಡ ಎಂಜಿನ್ನಿನಲ್ಲಂತೂ ಬೇಡವೇ ಬೇಡ. ಒಂದು ಜರ್ಕಿಗೆ ಚೂರು ಬೆಲ್ಟಿಗೂ ಪುಲ್ಲಿಗೂ ನಡುವೆ ಸೇರಿದರೆ ಬೆಲ್ಟ್ ಹಲ್ಲು ಹಾರುತ್ತದೆ. ಪುಲ್ಲಿ ಹಿಡಿಯುವ ಟೂಲ್ ಬಳಸಿ, ಉದ್ದನೆಯ ಹಿಡಿಯಿಂದ ಬಿಡಿಸಿ.

ಕೆಳಗಿನ ಕವರ್ ತೆಗೆಯುವ ಮೊದಲು ಅಡಿಗೆ ಚೊಕ್ಕ ಟ್ರೇ ಇಡಿ. ಹೆಚ್ಚಿನ ಕಸ ಕೂತಿರುವುದು ಈ ಕವರಿನ ತಳದ ಅಂಚಿನಲ್ಲಿ. ಅದನ್ನು ಎಂಜಿನ್ ಕಡೆಗೆ ಬಗ್ಗಿಸದೆ, ಕಸ ಕವರಿನಲ್ಲೇ ಉಳಿಯುವ ಹಾಗೆ ನೇರವಾಗಿ ಮುಂದಕ್ಕೆ ತೆಗೆದು ಹಾಳೆಯ ಮೇಲೆ ಕೊಡವಿ. ಎಡ ಕ್ಯಾಮ್, ಬಲ ಕ್ಯಾಮ್, ಪಂಪ್, ಮೇಲಿನ ಐಡ್ಲರ್, ಕೆಳಗಿನ ಐಡ್ಲರ್, ಕ್ರ್ಯಾಂಕ್, ಕವರಿನ ತಳ. ಪ್ರತಿ ಜಾಗದ ಕಸ ಬೇರೆ ಬೇರೆ ಜಿಪ್ ಕವರಿಗೆ ಹೋಗಬೇಕು, ಮೇಲೆ ಹೆಸರು ಬರೆದಿರಬೇಕು. ನುಣ್ಣನೆಯ ಧೂಳನ್ನು ಸೆಲೋಟೇಪಿನಿಂದ ಒತ್ತಿ ತೆಗೆದು ಬಿಳಿ ಹಾಳೆಗೆ ಅಂಟಿಸಿ.

ಮರೆಯುವ ಒಂದು ಜಾಗವಿದೆ: ಕ್ರ್ಯಾಂಕ್ ಪೊಸಿಷನ್ ಸೆನ್ಸರ್. ಅದರ ತುದಿಯಲ್ಲಿ ಅಯಸ್ಕಾಂತ ಇರುವುದರಿಂದ ಆ ಕೋಣೆಯಲ್ಲಿ ಹಾರಾಡುವ ಕಬ್ಬಿಣದ ಪುಡಿ ಅಲ್ಲಿ ಬಂದು ಕೂರುತ್ತದೆ. ಸೆನ್ಸರ್ ಬಿಚ್ಚಿ ತುದಿ ನೋಡಿ. ಮುಳ್ಳುಮುಳ್ಳಾಗಿ ಪುಡಿ ನಿಂತಿದ್ದರೆ ಯಾವುದೋ ಉಕ್ಕಿನ ಭಾಗ ಬಹಳ ದಿನದಿಂದ ಸವೆಯುತ್ತಿದೆ ಎಂದರ್ಥ. ಸೆನ್ಸರ್ ಓದುವುದು ಕ್ರ್ಯಾಂಕ್ ಟೈಮಿಂಗ್ ಪುಲ್ಲಿಯ ಮೇಲಿನ ಹಲ್ಲುಗಳನ್ನು, ಆದ್ದರಿಂದ ಆ ಭಾಗಕ್ಕೆ ಗೀರು ಬೀಳಬಾರದು.

ಮೇಜಿನ ಮೇಲಿನ ಪರೀಕ್ಷೆಗಳು

ಮೊದಲು ಅಯಸ್ಕಾಂತ. ಅಂಟಿದರೆ ಉಕ್ಕು, ಎರಕದ ಕಬ್ಬಿಣ ಅಥವಾ ತುಕ್ಕು. ಆದರೆ ನಮ್ಮ ಕಡೆ ಇಲ್ಲೊಂದು ಬಲೆ ಇದೆ. ಜಂಬಿಟ್ಟಿಗೆಯ ನೆಲದ ಕೆಂಪು ಮಣ್ಣಿನಲ್ಲಿ ಕಬ್ಬಿಣದ ಆಕ್ಸೈಡ್ ಇರುವುದರಿಂದ ಅದರ ಕೆಲವು ಕಣಗಳೂ ಅಯಸ್ಕಾಂತಕ್ಕೆ ಹಿಡಿಯುತ್ತವೆ. ಶಿರಸಿ, ಸಾಗರ, ಕರಾವಳಿಯ ಕಚ್ಚಾ ರಸ್ತೆಯಲ್ಲಿ ಓಡಿದ ಗಾಡಿಯ ಕೆಂಪು ಧೂಳನ್ನು ಬೇರಿಂಗಿನ ತುಕ್ಕು ಎಂದು ತಿಳಿಯುವುದು ಸುಲಭ. ಒಂದು ಚಿಟಿಕೆ ಧೂಳನ್ನು ಗಾಜಿನ ಲೋಟದ ನೀರಿಗೆ ಹಾಕಿ ಕದಡಿ. ಮಣ್ಣಾದರೆ ಮರಳು ತಳಕ್ಕೆ ಇಳಿದು, ಜೇಡಿ ನೀರನ್ನು ಬಹಳ ಹೊತ್ತು ಕೆಂಪಾಗಿ ಇಡುತ್ತದೆ, ಬೆರಳಲ್ಲಿ ಉಜ್ಜಿದರೆ ಕಿರಕಿರ ಎನ್ನುತ್ತದೆ. ಹಂಚಿಕೆಯೂ ಸುಳಿವು ಕೊಡುತ್ತದೆ. ಮಣ್ಣು ಎಲ್ಲ ಮೂಲೆಯಲ್ಲೂ ಇರುತ್ತದೆ, ತುಕ್ಕಿನ ಪುಡಿ ಒಂದೇ ಬೇರಿಂಗ್ ಅಥವಾ ಒಂದೇ ಬೋಲ್ಟ್ ಸುತ್ತ ಉಂಗುರವಾಗಿ ಕೂತಿರುತ್ತದೆ.

ಹೊಳೆಯುವ ಚೂರು ಅಯಸ್ಕಾಂತಕ್ಕೆ ಅಂಟದಿದ್ದರೆ ಅಲ್ಯೂಮಿನಿಯಂ ಇರಬಹುದು. ಖಚಿತ ಮಾಡಿಕೊಳ್ಳಲು ಗಾಜಿನ ಅಥವಾ ಪ್ಲಾಸ್ಟಿಕ್ ಮುಚ್ಚಳದಲ್ಲಿ ಒಂದು ಚಮಚ ನೀರು ತೆಗೆದುಕೊಂಡು ಅದಕ್ಕೆ ಎರಡು ಮೂರು ಕಾಳು ಕಾಸ್ಟಿಕ್ ಸೋಡಾ ಹಾಕಿ, ಕರಗಿದ ಮೇಲೆ ಚೂರನ್ನು ಬಿಡಿ. ಅಲ್ಯೂಮಿನಿಯಂ ಆದರೆ ಗುಳ್ಳೆ ಏಳುತ್ತದೆ. ಹಿತ್ತಾಳೆ, ಕಂಚು ಸುಮ್ಮನೆ ಬಿದ್ದಿರುತ್ತವೆ. ಆ ಗುಳ್ಳೆ ಹೈಡ್ರೋಜನ್, ಹಾಗಾಗಿ ಬಯಲಲ್ಲಿ ಮಾಡಿ, ಬೆಂಕಿ ಹತ್ತಿರ ಇರಬಾರದು. ಕನ್ನಡಕ, ಕೈಗವಸು ಕಡ್ಡಾಯ. ಸೋಡಾ ಮೇಲೆ ನೀರು ಸುರಿಯಬೇಡಿ, ನೀರಿಗೇ ಸೋಡಾ ಹಾಕಬೇಕು.

ಒದ್ದೆ ಅಥವಾ ಅಂಟು ಕಸವನ್ನು ಎ4 ಹಾಳೆಯ ಮೇಲೆ ಅರ್ಧ ಗಂಟೆ ಬಿಡಿ. ಸುತ್ತ ಅರೆಪಾರದರ್ಶಕ ಉಂಗುರ ಮೂಡಿದರೆ ಆಯಿಲ್ ಅಥವಾ ಗ್ರೀಸ್. ಬಿಳಿ, ಗುಲಾಬಿ, ಹಸಿರು ಬಣ್ಣದ ಗಟ್ಟಿ ಪದರ ಬಿಸಿನೀರಿನಲ್ಲಿ ಕರಗಿ ಬಣ್ಣ ಬಿಟ್ಟರೆ ಅದು ಒಣಗಿದ ಕೂಲಂಟ್. ಬಾಯಿಗೆ ಇಟ್ಟು ರುಚಿ ನೋಡುವ ಅಭ್ಯಾಸ ಇನ್ನೂ ಇದೆ. ಎಥಿಲೀನ್ ಗ್ಲೈಕಾಲ್ ವಿಷ, ದಯವಿಟ್ಟು ಬೇಡ.

ನೂಲಿನಂಥ ಎಳೆ ಸಿಕ್ಕರೆ ಚಿಮಟದಲ್ಲಿ ಹಿಡಿದು, ಗಾಡಿಯಿಂದ ದೂರ ಹೋಗಿ ಲೈಟರ್ ತೋರಿಸಿ. ಕರಗಿ ಮಣಿಯಾದರೆ ನೈಲಾನ್, ಅಂದರೆ ಬೆಲ್ಟ್ ಹಲ್ಲಿನ ಮೇಲಿನ ಬಟ್ಟೆ. ಬೆಂಕಿಯಲ್ಲಿ ಕೆಂಪಾಗಿ, ತೆಗೆದ ಮೇಲೆ ಎಳೆ ಹಾಗೇ ಉಳಿದರೆ ಗಾಜಿನ ನಾರು. ಬೆಲ್ಟಿನ ಬೆನ್ನೆಲುಬೇ ಆ ಗಾಜಿನ ನಾರಿನ ದಾರ. ಅದು ಹೊರಗೆ ಬಂದಿದೆ ಎಂದರೆ ಬೆಲ್ಟ್ ಅಂಚು ಎಲ್ಲೋ ಉಜ್ಜುತ್ತಿದೆ.

ರಬ್ಬರ್ ಚೂರು ಸಿಕ್ಕರೆ

ಟೈಮಿಂಗ್ ಬೆಲ್ಟಿನ ಹಲ್ಲಿನ ಒಂದು ಮುಖಕ್ಕೆ ಬಟ್ಟೆ ಅಂಟಿರುತ್ತದೆ. ಚೂರಿನಲ್ಲಿ ಆ ಬಟ್ಟೆ ಇದ್ದರೆ ಬೇರೆ ಅನುಮಾನ ಬೇಡ. ಬೆಲ್ಟಿಗೆ ಚಾಕ್‌ಪೀಸಿನಲ್ಲಿ ಗುರುತು ಹಾಕಿ, ಆ ಗುರುತು ಮತ್ತೆ ಬರುವ ತನಕ ಒಂದೊಂದೇ ಹಲ್ಲು ನೋಡಿ. ಹಲ್ಲುಗಳು ಬುಡದಲ್ಲೇ ಕತ್ತರಿಸಿದ್ದರೆ ಯಾವುದೋ ಪುಲ್ಲಿ ಗಟ್ಟಿಯಾಗಿ ನಿಂತಿದೆ, ಅಥವಾ ಎಣ್ಣೆ ಕುಡಿದು ರಬ್ಬರ್ ಮೆತ್ತಗಾಗಿದೆ. ಒಂದೇ ಹಲ್ಲಿಗೆ ಗುಳಿ ಬಿದ್ದಿದ್ದರೆ ಕಲ್ಲು ಸಿಕ್ಕಿಕೊಂಡಿತ್ತು. ಅಂಥಲ್ಲಿ ಪುಲ್ಲಿಯ ಹಲ್ಲುಗಳ ಸಂದಿಯಲ್ಲೂ ಹೊಳೆಯುವ ತಗ್ಗು ಕಾಣುತ್ತದೆ. ಹಾಗಿದ್ದರೆ ಕೆಳಗಿನ ಕವರ್ ಎಲ್ಲಿ ಒಡೆದಿದೆ ಎಂದು ಹುಡುಕಿ.

ಬೆಲ್ಟಿನ ಅಂಚು ಮಾತ್ರ ಎಳೆಎಳೆಯಾಗಿದ್ದರೆ ಬೆಲ್ಟ್ ಸರಿಯಾದ ಸಾಲಿನಲ್ಲಿ ಓಡುತ್ತಿಲ್ಲ. ಐಡ್ಲರ್ ವಾಲಿರಬಹುದು, ಪಂಪಿನ ಶಾಫ್ಟಿನಲ್ಲಿ ಆಟ ಬಂದಿರಬಹುದು. ಕ್ರ್ಯಾಂಕ್ ಪುಲ್ಲಿಯ ಮುಂದೆ ಕೂರುವ ತಟ್ಟೆಯಾಕಾರದ ಗೈಡನ್ನೂ ನೋಡಿ. ಅದರ ಬಟ್ಟಲಿನ ಕಡೆ ಹೊರಮುಖವಾಗಿರಬೇಕು. ಹಿಂದಿನ ಸಲ ಯಾರಾದರೂ ತಿರುಗಿಸಿ ಹಾಕಿದ್ದರೆ ಅದರ ಅಂಚೇ ಬೆಲ್ಟನ್ನು ಹೆರೆಯುತ್ತದೆ, ಕಪ್ಪು ಪುಡಿ ಕ್ರ್ಯಾಂಕ್ ಸುತ್ತ ಮಾತ್ರ ರಾಶಿಯಾಗುತ್ತದೆ.

ಬೆಲ್ಟಿನ ಬೆನ್ನು ಹೊಳಪಾಗಿ, ಅಡ್ಡಡ್ಡ ಸೀಳು ಬಿಟ್ಟಿದ್ದರೆ ಶಾಖ ತಗುಲಿದೆ. ಬೆನ್ನ ಮೇಲೆ ಓಡುವ ಐಡ್ಲರ್ ಬಿಗಿಯಾಗಿ ತಿರುಗುತ್ತಿದೆಯೇ ನೋಡಿ.

ಬಟ್ಟೆ ಇಲ್ಲದ ರಬ್ಬರ್ ಚೂರು ಹಲವು ಕಡೆಯದಿರಬಹುದು. ಒತ್ತಿ ಬಿಟ್ಟಾಗ ಸ್ಪಂಜಿನಂತೆ ಎದ್ದರೆ ಕವರ್ ಪಟ್ಟಿ. ಕವರಿನ ಕಾಲುವೆಯಲ್ಲಿ ಇಟ್ಟು ಹೊಂದಿಸಿ ನೋಡಿ. ತೆಳುವಾದ ಉಂಗುರದ ತುಂಡು, ಒಂದು ಬದಿ ಚೂಪಾಗಿದ್ದರೆ ಸೀಲಿನ ತುಟಿ ಅಥವಾ ಬೇರಿಂಗಿನ ಮುಚ್ಚಳ. ಮಡಿಕೆ ಮಡಿಕೆಯ ಪುಟ್ಟ ಟೋಪಿಯಂಥದ್ದು ಟೆನ್ಷನರಿನ ಡಸ್ಟ್ ಬೂಟ್. ಗಟ್ಟಿ, ಒಂದು ಮುಖ ನುಣುಪಾಗಿ ಹೊಳೆಯುವ ಕಪ್ಪು ಹೆಂಟೆ ಕವರಿನ ಹೊರಗೆ ಕ್ರ್ಯಾಂಕ್ ಪುಲ್ಲಿಯ ಬಳಿ ಸಿಕ್ಕರೆ ಅದು ಪುಲ್ಲಿಯೊಳಗಿನ ಡ್ಯಾಂಪರ್ ರಬ್ಬರ್. ಪುಲ್ಲಿಯ ಒಳಹಬ್ಬಿಗೂ ಹೊರಬಳೆಗೂ ಅಡ್ಡಲಾಗಿ ಒಂದು ಗೆರೆ ಹಾಕಿ, ಸ್ವಲ್ಪ ಓಡಿಸಿದ ಮೇಲೆ ಗೆರೆ ತುಂಡಾಗಿ ಸರಿದಿದ್ದರೆ ಪುಲ್ಲಿ ಬದಲಿಸಿ.

ಲೋಹ ಸಿಕ್ಕರೆ

ಇಲ್ಲಿ ನಿಧಾನ ಮಾಡಿ. ಆಕಾರವೇ ಅರ್ಧ ಉತ್ತರ ಹೇಳುತ್ತದೆ.

ಕಂದುಗೆಂಪು, ಕೋಕೋ ಪುಡಿಯಷ್ಟು ನುಣ್ಣನೆಯ ಪುಡಿ ಎಂದರೆ ಎರಡು ಉಕ್ಕಿನ ಮುಖಗಳು ಕಣ್ಣಿಗೆ ಕಾಣದಷ್ಟು ಅಲುಗಾಡಿ ಉಜ್ಜಿವೆ. ಕ್ರ್ಯಾಂಕ್ ಬೋಲ್ಟ್ ಸಾಕಷ್ಟು ಬಿಗಿ ಇಲ್ಲದಿದ್ದರೆ ಪುಲ್ಲಿ ತನ್ನನ್ನು ಶಾಫ್ಟಿಗೆ ಹಿಡಿದಿಡುವ ಸಣ್ಣ ಉಕ್ಕಿನ ತುಂಡಿನ (ಕೀ) ಮೇಲೆ ಹಿಂದೆಮುಂದೆ ಆಡುತ್ತದೆ, ಆ ಪುಡಿ ಕೀ ಕೂರುವ ತೋಡಿನಲ್ಲೂ ಪುಲ್ಲಿಯ ಮುಖದಲ್ಲೂ ಕೂರುತ್ತದೆ. ಕೀ ತೆಗೆದು ಪಕ್ಕೆಗಳನ್ನು ನೋಡಿ. ಮೆಟ್ಟಿಲು ಬಿದ್ದಿದ್ದರೆ ಕೀ ಬದಲಿಸಲೇಬೇಕು, ಕ್ರ್ಯಾಂಕಿನ ಆ ತೋಡು ಅಗಲವಾಗಿದ್ದರೆ ಲೇತ್ ಕೆಲಸದವರಿಗೆ ತೋರಿಸಬೇಕು. ಈ ಎಂಜಿನ್ನಿನಲ್ಲಿ ಕ್ರ್ಯಾಂಕ್ ಬೋಲ್ಟಿನ ಟಾರ್ಕ್ 295 ನ್ಯೂಟನ್ ಮೀಟರ್. ಕೈಯಂದಾಜಿನ ಬಿಗಿ ಅದರ ಹತ್ತಿರವೂ ಬರುವುದಿಲ್ಲ.

ಅದೇ ಪುಡಿ ಐಡ್ಲರಿನ ಮಧ್ಯದಿಂದ ಕಿರಣಗಳಾಗಿ ಹರಡಿ, ಜೊತೆಗೆ ಗ್ರೀಸ್ ಗೆರೆ ಇದ್ದರೆ ಬೇರಿಂಗ್ ಹೋಗಿದೆ. ಬೆಲ್ಟ್ ತೆಗೆದು ಐಡ್ಲರನ್ನು ಬೆರಳಿನಿಂದ ತಿರುಗಿಸಿ. ಒಳ್ಳೆಯ ಬೇರಿಂಗ್ ಸದ್ದಿಲ್ಲದೆ, ಗ್ರೀಸಿನ ಸಣ್ಣ ಎಳೆತದೊಂದಿಗೆ ತಿರುಗಿ ಬೇಗ ನಿಲ್ಲುತ್ತದೆ. ಫ್ಯಾನಿನ ಹಾಗೆ ಗರಗರ ತಿರುಗುತ್ತಲೇ ಇದ್ದರೆ ಹಲವರು ಖುಷಿಪಡುತ್ತಾರೆ. ಅದು ಗ್ರೀಸ್ ಖಾಲಿಯಾದ ಲಕ್ಷಣ. ಚಪ್ಪಟೆಯಾದ, ಮೀನಿನ ಪೊರೆಯಂಥ ಹೊಳೆಯುವ ಉಕ್ಕಿನ ಚಕ್ಕೆ ಸಿಕ್ಕರೆ ಬೇರಿಂಗಿನ ಓಟದ ಹಾದಿ ಸಿಪ್ಪೆ ಏಳುತ್ತಿದೆ. ಆ ಸ್ಥಿತಿಯಲ್ಲಿ ಬೆಲ್ಟ್ ಒಂದನ್ನೇ ಬದಲಿಸಿ ಕಳಿಸುವುದು ಗಿರಾಕಿಗೆ ಮಾಡುವ ಮೋಸ. ಎರಡೂ ಐಡ್ಲರ್, ಪಂಪ್ ಜೊತೆಗೇ ಹೋಗಲಿ.

ಅಲ್ಯೂಮಿನಿಯಂ ಬಂದರೆ ಕಾರಣ ಬೇರೆ. ರಬ್ಬರ್ ಬೆಲ್ಟ್ ಅಲ್ಯೂಮಿನಿಯಂ ಗೋಡೆಯನ್ನು ಉಜ್ಜಿ ಮಂಕು ಬೂದಿ ಪುಡಿ ಮಾಡಬಹುದು, ಚಕ್ಕೆ ಎಬ್ಬಿಸಲಾರದು. ಚಕ್ಕೆ ಬಂದಿದೆ ಎಂದರೆ ಗಟ್ಟಿ ಭಾಗವೊಂದು ಕೇಸಿಗೆ ತಾಗಿದೆ. ಪಂಪ್ ಪುಲ್ಲಿ ವಾಲಿ ಬಾಡಿಗೆ ತಾಗಿರಬಹುದು, ಯಾವುದೋ ಬೋಲ್ಟ್ ಸಡಿಲಾಗಿ ಹೊರಬಂದಿರಬಹುದು. ತಾಗಿದ ಜಾಗದಲ್ಲಿ ಬಿಲ್ಲಿನಾಕಾರದ ಹೊಸ ಹೊಳಪು ಇದ್ದೇ ಇರುತ್ತದೆ, ಕನ್ನಡಿ ಹಿಡಿದು ಹುಡುಕಿ. ಸ್ಪ್ರಿಂಗಿನಂತೆ ಸುರುಳಿ ಸುತ್ತಿದ ಅಲ್ಯೂಮಿನಿಯಂ ಎಳೆ ಮಾತ್ರ ಬೇರೆ ಕಥೆ. ಅದು ಥ್ರೆಡ್ ಕಿತ್ತು ಬಂದದ್ದು. ಕವರಿನ 10ರ ತಲೆಯ ಎಂ6 ಬೋಲ್ಟ್‌ಗಳಿಗೆ ಬೇಕಾದ ಬಿಗಿ 9 ನ್ಯೂಟನ್ ಮೀಟರ್ ಅಷ್ಟೆ. ಉದ್ದ ರ‍್ಯಾಚೆಟ್ ಹಿಡಿದು ತಿರುವಿದರೆ ಮೆತ್ತನೆಯ ಅಲ್ಯೂಮಿನಿಯಂ ಥ್ರೆಡ್ ಬಿಟ್ಟುಕೊಡುತ್ತದೆ.

ಸೂಜಿಯಂಥ ಉಕ್ಕಿನ ಸಿಬಿರು, ಪುಲ್ಲಿಯ ಅಂಚಿನ ಮುರಿದ ತುಂಡು, ಹಳೆಯ ಸೀಲ್ ಕೀಳುವಾಗ ಎದ್ದ ಗೀರುಪುಡಿ, ಇವು ಸಾಮಾನ್ಯವಾಗಿ ಹಿಂದಿನ ಕೈಕೆಲಸದ ಗುರುತುಗಳು. ಒಂದೂವರೆ ಮಿಲಿಮೀಟರಿಗಿಂತ ತೆಳುವಾದ ನೆಟ್ಟಗಿನ ತಂತಿ ಸಿಕ್ಕರೆ ಅದು ಟೆನ್ಷನರ್ ಪಿನ್. ಒತ್ತಿ ಹಿಡಿದ ಟೆನ್ಷನರನ್ನು ತಡೆಯಲು ಹಾಕುವ 1.27 ಮಿಲಿಮೀಟರಿನ ಪಿನ್ ಎಳೆದ ಮೇಲೆ ಒಳಗೇ ಬಿಟ್ಟುಬಿಡುವವರಿದ್ದಾರೆ.

ವಾಷರ್ ಸಿಕ್ಕರೆ ಅಸಡ್ಡೆ ಮಾಡಬೇಡಿ. ನಂಬರ್ 1 ಐಡ್ಲರಿನ (ಟೆನ್ಷನರ್ ಒತ್ತುವ ಐಡ್ಲರ್) ಹಿಂದೆ ಒಂದು ಚಪ್ಪಟೆ ವಾಷರ್ ಇರಬೇಕು. ಅದಿಲ್ಲದೆ ಕಟ್ಟಿದರೆ ಐಡ್ಲರಿನ ಬ್ರಾಕೆಟ್ ಸಲೀಸಾಗಿ ಆಡುವುದಿಲ್ಲ, ಟೆನ್ಷನರ್ ಒತ್ತಿದರೂ ಬೆಲ್ಟಿಗೆ ಸರಿಯಾದ ಬಿಗಿ ಸಿಗುವುದಿಲ್ಲ.

ಪ್ಲಾಸ್ಟಿಕ್, ಒದ್ದೆ ಕಸ, ಹೊರಗಿನಿಂದ ಬಂದವರು

ಪ್ಲಾಸ್ಟಿಕ್ ಚೂರಿನಲ್ಲಿ ಸಾಲಾಗಿ ಅರ್ಧಚಂದ್ರದ ತಗ್ಗುಗಳಿದ್ದರೆ ಅದು ಬೇರಿಂಗಿನ ಗುಂಡು ಹಿಡಿಯುವ ಕೇಜ್. ಇದು ಸಿಕ್ಕ ಎಂಜಿನ್ ಸ್ಟಾರ್ಟ್ ಮಾಡಲೇಬೇಡಿ. ಮುರಿದ ಮುಖ ಒರಟಾಗಿ, ನಾರು ನಾರಾಗಿದ್ದರೆ ಕವರಿನದೇ ತುಂಡು. ಕವರನ್ನು ಮಗುಚಿ ಎಲ್ಲ ಬೋಲ್ಟ್ ಕಿವಿಗಳನ್ನೂ ನೋಡಿ. ವೈರಿಂಗ್ ಕ್ಲಿಪ್ ಆಗಿದ್ದರೆ ಆ ವೈರ್ ಈಗ ಎಲ್ಲಿ ಜೋತುಬಿದ್ದಿದೆ ಎಂಬುದನ್ನೂ ಹುಡುಕಬೇಕು.

ಆಯಿಲ್ ಇದ್ದರೆ ಒದ್ದೆಯ ಅತಿ ಮೇಲಿನ ತುದಿ ಹುಡುಕಿ, ಎಣ್ಣೆ ಕೆಳಕ್ಕೇ ಹರಿಯುವುದು. ಕ್ಯಾಮ್ ಪುಲ್ಲಿಯ ಹಿಂದೆ ಒದ್ದೆ ಇದ್ದರೆ ಸೀಲಿಗೆ ಕೈ ಹಾಕುವ ಮುಂಚೆ ಮೇಲಿನ ವಾಲ್ವ್ ಕವರ್ ಪ್ಯಾಕಿಂಗ್ ನೋಡಿ, ಅಲ್ಲಿಂದ ಇಳಿದು ಬಂದದ್ದನ್ನು ಸೀಲ್ ಸೋರಿಕೆ ಎಂದು ತಪ್ಪು ತಿಳಿಯುವುದುಂಟು. ಟೆನ್ಷನರಿನ ಕಡ್ಡಿಯ ಸುತ್ತ ತೆಳು ಎಣ್ಣೆ ಪದರ ಇದ್ದರೆ ನಡೆಯುತ್ತದೆ, ಹನಿ ಕಟ್ಟಿದ್ದರೆ ಬದಲಿಸಿ. ಅನುಮಾನವಿದ್ದರೆ ಟೆನ್ಷನರನ್ನು ಎರಡೂ ಕೈಯಲ್ಲಿ ಹಿಡಿದು ಕಡ್ಡಿಯನ್ನು ನೆಲಕ್ಕೆ ಬಲವಾಗಿ ಒತ್ತಿ. ಒಳಗೆ ಸರಿಯಬಾರದು. ಕಡ್ಡಿ ಹೊರಚಾಚಿರುವ ಉದ್ದ 10.0ರಿಂದ 10.8 ಮಿಲಿಮೀಟರ್ ಇರಬೇಕು.

ಪಂಪಿನ ಸೋರು ರಂಧ್ರದ ಕೆಳಗೆ ಸಣ್ಣ ಕಲೆ ಇರುವುದು ಸಹಜ. ಗಡ್ಡದ ಹಾಗೆ ಪದರ ಇಳಿದಿದ್ದರೆ ಪಂಪಿನ ಸೀಲ್ ಮುಗಿದಿದೆ, ಬೇರಿಂಗಿನ ಸರದಿ ಹತ್ತಿರದಲ್ಲೇ ಇದೆ.

ತಿಂಗಳುಗಟ್ಟಲೆ ನಿಂತ ಗಾಡಿಯಾದರೆ ಒಣ ಎಲೆ, ತೆಂಗಿನ ನಾರು, ಬಾನೆಟ್ಟಿನ ಹತ್ತಿ, ಹಿಕ್ಕೆ ಎಲ್ಲ ಸಿಗುತ್ತವೆ. ಇಲಿಗೂಡನ್ನು ಒಣಗಿರುವಾಗ ಕೆದಕಬೇಡಿ, ಏರ್ ಹೊಡೆಯಲೇಬೇಡಿ. ಇಲಿಮೂತ್ರದಿಂದ ಇಲಿಜ್ವರ ಬರುತ್ತದೆ, ಅಮೆರಿಕದಲ್ಲಾದರೆ ಹಂಟಾ ವೈರಸ್ಸಿನ ಭಯವೂ ಇದೆ. ಮಾಸ್ಕ್, ಕೈಗವಸು ಹಾಕಿ, ಬ್ಲೀಚಿಂಗ್ ನೀರು ಸಿಂಪಡಿಸಿ ಹತ್ತು ನಿಮಿಷ ಬಿಟ್ಟು ಎತ್ತಿ. ಆಮೇಲೆ ಹತ್ತಿರದ ವೈರುಗಳನ್ನು ಒಂದೊಂದಾಗಿ ನೋಡಿ. ಗಟ್ಟಿ ಮಣ್ಣಿನ ಕೊಳವೆ ಸಿಕ್ಕು, ಒಡೆದಾಗ ಒಳಗೆ ಜೇಡಗಳು ಉದುರಿದರೆ ಅದು ಕುಂಬಾರ ಹುಳದ ಗೂಡು. ನಗು ಬಂದರೂ ಆ ಒಣಮಣ್ಣು ಬೆಲ್ಟಿಗೆ ಕಲ್ಲಿನಷ್ಟೇ ಕೆಟ್ಟದ್ದು.

ಮೂಲ ಸಿಗದಿದ್ದರೆ

ಬಿಚ್ಚಿದ ಪ್ರತಿ ಭಾಗವನ್ನೂ ಹಳೆ ಬಟ್ಟೆಯ ಮೇಲೆ, ಎಂಜಿನ್ನಿನಲ್ಲಿ ಇದ್ದ ಸ್ಥಾನದಂತೆಯೇ ಹರಡಿ. ಪ್ರತಿಯೊಂದರಲ್ಲೂ ಹೊಸದಾಗಿ ಮುರಿದ ಅಂಚು, ಖಾಲಿ ಬೋಲ್ಟ್ ತೂತು, ಸವೆದ ಹೊಳಪು ಇದೆಯೇ ನೋಡಿ. ಮುರಿದ ಮುಖ ಕೊಳೆ ಹಿಡಿದು ಕಪ್ಪಾಗಿದ್ದರೆ ಹಳೆಯ ಮುರಿತ, ಬಿಳುಪಾಗಿ ಹೊಳೆಯುತ್ತಿದ್ದರೆ ಹೊಸತು. ಚೂರಿಗೆ ಈ ಎಂಜಿನ್ನಿನಲ್ಲಿ ಜೋಡಿಯೇ ಇಲ್ಲ, ಕೊಳೆಯೂ ಹಳೆಯದು ಎಂದಾದರೆ ಹಿಂದಿನ ರಿಪೇರಿಯಲ್ಲಿ ಬಿದ್ದದ್ದು: ಗ್ಯಾಸ್ಕೆಟ್ ಪೇಸ್ಟಿನ ಹುಳದಂಥ ಎಳೆ, ಕೇಬಲ್ ಟೈ ಬಾಲ, ಮುರಿದ ಬೋಲ್ಟಿನ ತಲೆ. ತಲೆ ಸಿಕ್ಕರೆ ಅದರ ಕಾಲು ಯಾವುದೋ ತೂತಿನಲ್ಲಿ ಉಳಿದಿರುತ್ತದೆ, ಅದನ್ನು ಹುಡುಕದೆ ಬಿಡಬೇಡಿ.

ಎಲ್ಲಕ್ಕೂ ಜಾಗ ಸಿಕ್ಕ ಮೇಲೆ ಸ್ವಚ್ಛ ಮಾಡಿ. ಆಗಲೂ ಮೊದಲು ವ್ಯಾಕ್ಯೂಮ್, ಆಮೇಲೆ ಬ್ರೇಕ್ ಕ್ಲೀನರ್ ಹಚ್ಚಿದ ಬಟ್ಟೆ. ಸೀಲ್ ತೆಗೆದು ಬಾಯಿ ತೆರೆದಿರುವಾಗ ಏರ್ ಹೊಡೆದರೆ ಕಸ ನೇರ ಎಂಜಿನ್ ಒಳಗೆ ಹೋಗುತ್ತದೆ. ಬ್ರೇಕ್ ಕ್ಲೀನರನ್ನು ಹೊಸ ಬೆಲ್ಟ್, ಐಡ್ಲರ್ ಬೇರಿಂಗ್ ಮೇಲೆ ಸಿಂಪಡಿಸಬಾರದು, ಗ್ರೀಸ್ ತೊಳೆದುಹೋಗುತ್ತದೆ.

ಮತ್ತೆ ಕಟ್ಟುವಾಗ

ಟೆನ್ಷನರನ್ನು ವೈಸ್ ಅಥವಾ ಪ್ರೆಸ್ಸಿನಲ್ಲಿ ನೆಟ್ಟಗೆ ನಿಲ್ಲಿಸಿ ಬಹಳ ನಿಧಾನವಾಗಿ ಒತ್ತಿ, ತೂತುಗಳು ಸಾಲಿಗೆ ಬಂದಾಗ ಪಿನ್ ಹಾಕಿ. ಅವಸರ ಮಾಡಿದರೆ ಒಳಗಿನ ಸೀಲ್ ಹೋಗುತ್ತದೆ. ನಂಬರ್ 1 ಐಡ್ಲರಿನ ಬೋಲ್ಟಿನ ಮೊದಲ ಎರಡು ಮೂರು ಥ್ರೆಡ್ಡಿಗೆ ಥ್ರೆಡ್ ಲಾಕ್ ಹಚ್ಚಿ 35 ನ್ಯೂಟನ್ ಮೀಟರಿಗೆ ಬಿಗಿ ಮಾಡಿ, ಬ್ರಾಕೆಟ್ ಸಲೀಸಾಗಿ ಆಡುತ್ತದೆಯೇ ಕೈಯಿಂದ ನೋಡಿ. ನಂಬರ್ 2 ಐಡ್ಲರಿಗೆ 40, ಟೆನ್ಷನರಿನ ಎರಡು ಬೋಲ್ಟಿಗೆ 27 (ಎರಡನ್ನೂ ಸರದಿಯಂತೆ ಸ್ವಲ್ಪ ಸ್ವಲ್ಪವೇ), ಕ್ಯಾಮ್ ಪುಲ್ಲಿ ಬಿಚ್ಚಿದ್ದರೆ 110. ಪಿನ್ ಎಳೆದು ಜೇಬಿಗೆ ಹಾಕಿಕೊಳ್ಳಿ. ಸ್ಪ್ಯಾನರಿನಿಂದ ಕ್ರ್ಯಾಂಕನ್ನು ಗಡಿಯಾರದ ದಿಕ್ಕಿನಲ್ಲಿ ಎರಡು ಸುತ್ತು ಕೈಯಾರೆ ತಿರುಗಿಸಿ, ಕ್ರ್ಯಾಂಕ್ ಪುಲ್ಲಿಯ ಒಂದು, ಕ್ಯಾಮ್ ಪುಲ್ಲಿಗಳ ಎರಡು, ಹೀಗೆ ಮೂರೂ ಟೈಮಿಂಗ್ ಗುರುತು ಮತ್ತೆ ಸೇರುತ್ತವೆಯೇ ನೋಡಿ. ಎಲ್ಲಾದರೂ ಗಟ್ಟಿಯಾಗಿ ತಡೆದರೆ ಬಲ ಹಾಕದೆ ಹಿಂದೆ ಬಂದು ಕಾರಣ ಹುಡುಕಿ. ಕವರಿನ ರಬ್ಬರ್ ಪಟ್ಟಿ ತುಂಡಾಗಿದ್ದರೆ ಹೊಸದು ಹಾಕಿ, ಕಲ್ಲು ಮಣ್ಣಿನ ಹೆಬ್ಬಾಗಿಲು ಅದೇ.

ಇನ್ನೋವಾ, ಫಾರ್ಚುನರ್ ಇರುವವರಿಗೆ

ಬಿಡದಿಯಲ್ಲಿ ತಯಾರಾದ 2005ರಿಂದ 2016ರವರೆಗಿನ ಡೀಸೆಲ್ ಇನ್ನೋವಾದ 2.5 ಲೀಟರ್ 2ಕೆಡಿ, ಹಳೆ ಫಾರ್ಚುನರಿನ 3.0 ಲೀಟರ್ 1ಕೆಡಿ, ಎರಡೂ ಹೈಲಕ್ಸ್ ಪಿಕಪ್ಪಿನ ಎಂಜಿನ್‌ಗಳೇ. ಇನ್ನೋವಾ ಕ್ರಿಸ್ಟಾ ಮತ್ತು 2022ರಲ್ಲಿ ನಮ್ಮಲ್ಲಿಗೆ ಬಂದ ಹೈಲಕ್ಸ್ ಡೀಸೆಲ್‌ಗಳಲ್ಲಿ ಚೈನ್ ಇದೆ, ಈ ಬರಹ ಅವಕ್ಕಲ್ಲ.

ಕೆಡಿಯಲ್ಲಿ ಬೆಲ್ಟ್ ಗಿಡ್ಡ. ಕೆಳಗಿನ ಗೇರ್ ಸರಣಿಯಿಂದ ಹೊರಬಂದ ಒಂದು ಪುಲ್ಲಿ, ಮೇಲೆ ಒಂದು ಕ್ಯಾಮ್ ಪುಲ್ಲಿ, ಒಂದು ಐಡ್ಲರ್, ಒಂದು ಟೆನ್ಷನರ್. ಕ್ರ್ಯಾಂಕ್ ಪುಲ್ಲಿ ಬಿಚ್ಚದೆಯೇ ಕವರ್ ತೆಗೆಯಬಹುದು. ವಾಟರ್ ಪಂಪ್ ಈ ಕೋಣೆಯ ಹೊರಗಿದೆ, ಹಾಗಾಗಿ ಒಳಗಿನ ಒದ್ದೆ ಬಹುತೇಕ ಎಣ್ಣೆಯೇ: ಮೇಲೆ ಕ್ಯಾಮ್ ಸೀಲ್, ಕೆಳಗೆ ಪುಲ್ಲಿಯ ಹಿಂದಿನ ಸೀಲ್. ಅನುಮಾನಿಸಬೇಕಾದ ಬೇರಿಂಗ್‌ಗಳೂ ಕಡಿಮೆ, ಪತ್ತೆ ಬೇಗ ಮುಗಿಯುತ್ತದೆ.

ಅಪಾಯ ಮಾತ್ರ ಹೆಚ್ಚು. 5ವಿಝಡ್‌ನಲ್ಲಿ ಬೆಲ್ಟ್ ತುಂಡಾದರೆ ಎಂಜಿನ್ ನಿಲ್ಲುತ್ತದೆ, ವಾಲ್ವ್ ಬಗ್ಗುವುದಿಲ್ಲ. ಕೆಡಿಯಲ್ಲಿ ವಾಲ್ವ್ ಪಿಸ್ಟನ್ನಿಗೆ ಬಡಿಯುತ್ತದೆ, ವಾಲ್ವ್ ಒತ್ತುವ ರಾಕರ್‌ಗಳು ಮುರಿಯುತ್ತವೆ. ಆದ್ದರಿಂದ ಕೆಡಿಯ ಕವರಿನಲ್ಲಿ ಬಟ್ಟೆ ಅಂಟಿದ ಒಂದೇ ಒಂದು ಹಲ್ಲು ಸಿಕ್ಕರೂ ಗಾಡಿಯನ್ನು ಇನ್ನೊಂದು ಗ್ಯಾರೇಜಿಗೆ ಓಡಿಸಿಕೊಂಡು ಹೋಗಬೇಡಿ, ಟೋ ಮಾಡಿಸಿ.

500 ಕಿಲೋಮೀಟರ್ ಆದ ಮೇಲೆ

ಕೆಡಿಯಲ್ಲಾದರೆ ಕವರ್ ತೆಗೆದೇ ನೋಡಬಹುದು. 5ವಿಝಡ್‌ನಲ್ಲಿ ಮೇಲಿನ ಕವರಿನ ಬೋಲ್ಟ್ ಸಡಿಲಿಸಿ ಸಿಕ್ಕ ಸಂದಿಯಲ್ಲಿ ಬೋರ್‌ಸ್ಕೋಪ್ (ತೆಳು ತಂತಿಯ ತುದಿಯ ಕ್ಯಾಮೆರಾ) ಇಳಿಸಿ. ಚೊಕ್ಕ ಮಾಡಿದ್ದ ಗೋಡೆಯಲ್ಲಿ ತೆಳು ಕಪ್ಪು ಧೂಳು ಕಂಡರೆ ಹೊಸ ಬೆಲ್ಟ್ ಹೊಂದಿಕೊಳ್ಳುತ್ತಿದೆ, ಬಿಟ್ಟುಬಿಡಿ. ಕೆಂಪು ಪುಡಿ, ಗ್ರೀಸ್ ಗೆರೆ, ಹೊಳೆಯುವ ಚಕ್ಕೆ ಮತ್ತೆ ಬಂದಿದ್ದರೆ ಹಳೆಯ ಜಿಪ್ ಕವರುಗಳನ್ನು ತೆಗೆದು ಪಕ್ಕದಲ್ಲಿಟ್ಟು ಹೋಲಿಸಿ. ಅದಕ್ಕಾಗಿಯೇ ಅವನ್ನು ದಿನಾಂಕ, ಓಡಿದ ಕಿಲೋಮೀಟರ್ ಬರೆದು, ಹಳೆಯ ಬೆಲ್ಟಿನ ಜೊತೆಗೆ ಈ ತಪಾಸಣೆ ಮುಗಿಯುವ ತನಕ ಎತ್ತಿಟ್ಟಿರಬೇಕು.